ರಾಕೆಟ್ ಕೊಳವೆಗೆ ಮ್ಯಾಂಡ್ರೆಲ್ ಆರಿಸಿಕೊಂಡದ್ದು

ಹವ್ಯಾಸಿ ರಾಕೆಟ್‌ಗಳ ಹೊರಕೊಳವೆಯನ್ನು ನಾನೇ ಫೈಬರ್‌ಗ್ಲಾಸ್ ಬಟ್ಟೆ ಸುತ್ತಿ ಮಾಡಿಕೊಳ್ಳುತ್ತೇನೆ. ಬಟ್ಟೆ ಸುತ್ತುವ ಒಳ ಅಚ್ಚು, ಅಂದರೆ ಮ್ಯಾಂಡ್ರೆಲ್, ಸರಿಯಿಲ್ಲದಿದ್ದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಮೊದಲು ಪಿವಿಸಿ ಪೈಪ್ ಹಿಡಿದೆ. ಕೈಗೆ ಸಿಗುತ್ತಿತ್ತು, ಹಗುರವಾಗಿತ್ತು. ಆದರೆ ಕ್ಯಾಲಿಪರ್ ಹಿಡಿದು ಅಳೆದಾಗ ಪೈಪ್ ಪೂರ್ತಿ ದುಂಡಗಿರಲಿಲ್ಲ. ಬಟ್ಟೆಗೆ ಹಚ್ಚಿದ ರೆಸಿನ್, ಅಂದರೆ ಗಟ್ಟಿಯಾಗುವ ಅಂಟು, ಬೇಗ ಗಟ್ಟಿಯಾಗಲೆಂದು ಕಾಯಿಸಿದಾಗ ಪೈಪ್ ಮೆತ್ತಗಾಗಿ ನಡುವೆ ಬಾಗಿತು. ಕೊಳವೆಯೂ ಅದೇ ಬಾಗನ್ನು ಉಳಿಸಿಕೊಂಡಿತು. ಕೊನೆಗೆ ಪೈಪನ್ನು ಸೀಳಿಯೇ ಹೊರತೆಗೆಯಬೇಕಾಯಿತು.

ಆಮೇಲೆ ದಪ್ಪ ಗೋಡೆಯ ಅಲ್ಯೂಮಿನಿಯಂ ಪೈಪಿಗೆ ಬಂದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಅದು ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ. ಉಕ್ಕು ಹಿಗ್ಗುವುದು ಸುಮಾರು ಅರ್ಧದಷ್ಟು. ಬಿಸಿಯಲ್ಲಿ ಹಿಗ್ಗಿದ ಅಚ್ಚು ತಣ್ಣಗಾದಾಗ ಕುಗ್ಗಿ ತಾನೇ ಬಿಡುತ್ತದೆ ಎಂಬುದು ನನ್ನ ಲೆಕ್ಕ. ಆದರೂ ಮೊದಲ ಕೊಳವೆ ಅಲ್ಲಾಡಲಿಲ್ಲ. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು: ಕೋಣೆಯ ತಾಪದಲ್ಲೇ ರೆಸಿನ್ ಗಟ್ಟಿಯಾದ ಮೇಲೆ ನಾನು ಕಾಯಿಸಿದ್ದೆ. ಕೊಳವೆಯ ಒಳ ಅಳತೆ ನಿಲ್ಲುವುದು ರೆಸಿನ್ ಹೆಪ್ಪುಗಟ್ಟುವ ಗಳಿಗೆಯ ತಾಪದಲ್ಲಿ. ಆ ತಾಪಕ್ಕಿಂತ ಅಚ್ಚು ತಣ್ಣಗಾಗದೆ ಸಂದು ಬಿಡುವುದಿಲ್ಲ.

ಹಾಗಾಗಿ ಈಗ ಟೊಳ್ಳು ಅಚ್ಚನ್ನೇ ಆರಿಸುತ್ತೇನೆ. ಒಂದು ತುದಿ ಮುಚ್ಚಿ ಒಳಗೆ ಮಂಜುಗಡ್ಡೆ ನೀರು ತುಂಬಿದರೆ, 75 ಮಿ.ಮೀ. ಅಚ್ಚು 25 ಡಿಗ್ರಿಯಿಂದ ಸೊನ್ನೆಗೆ ಇಳಿಯುವಾಗ ವ್ಯಾಸದಲ್ಲಿ ಸುಮಾರು 0.04 ಮಿ.ಮೀ. ಕುಗ್ಗುತ್ತದೆ. ಕೊಳವೆಗೆ ಆ ಚಳಿ ತಟ್ಟುವ ಮೊದಲೇ ತಿರುಚಿ ಎಳೆಯಬೇಕು. ಕಣ್ಣಿಗೆ ಕಾಣದಷ್ಟು ಸಂದು, ಆದರೆ ಸಾಕು!

ಮೇಲ್ಮೈಯ ವಿಷಯದಲ್ಲಿ ನನ್ನದು ಹಟ. ಅಚ್ಚನ್ನು ಕಡೆದ ಲೇತ್ ಯಂತ್ರ ಬಿಟ್ಟ ಸುತ್ತುಗೆರೆಗಳಲ್ಲಿ ರೆಸಿನ್ ಇಳಿದು ತಿರುಪಿನ ಸುತ್ತುಗಳಂತೆ ಕಚ್ಚಿಕೊಳ್ಳುತ್ತದೆ. ಕೊನೆಯ ಉಜ್ಜು ಯಾವಾಗಲೂ ಉದ್ದಕ್ಕೆ, ಎಳೆಯುವ ದಿಕ್ಕಿನಲ್ಲಿ. ಅದರ ಮೇಲೆ ಹಲವು ಪದರ ಮೇಣ. ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಇನ್ನೂ ಸಲೀಸು, ಆದರೆ ಅಂಚು ಕೂಡುವಲ್ಲಿ ಒಳಗೊಂದು ಗೆರೆ ಉಳಿಯುತ್ತದೆ. ರಾಕೆಟ್ ಇಳಿಯಲೆಂದು ಕೊಳವೆಯೊಳಗೆ ಮಡಚಿಟ್ಟ ಪ್ಯಾರಾಚೂಟ್ ಆ ಗೆರೆಯನ್ನು ಒರೆಸಿಕೊಂಡು ಹೊರಬರುವುದು ನನಗೆ ಒಪ್ಪಿಗೆಯಿಲ್ಲ, ಉಜ್ಜಿ ತೆಗೆಯುತ್ತೇನೆ.

ಉದ್ದ ಕತ್ತರಿಸುವಾಗ ಎರಡೂ ಬದಿಗೆ ಒಂದೊಂದು ಗೇಣು ಹೆಚ್ಚು ಬಿಡುತ್ತೇನೆ. ಕಳಚುವಾಗ ಕೈಗೆ ಹಿಡಿತ ಸಿಗುವುದು ಅಲ್ಲೇ.