ಜೇಬಿನಲ್ಲಿ ಹಿಡಿಸುವ ಸಾಣೆ

ಚಾಕು ಮೊಂಡಾಗಿದ್ದರೆ ಸಾಣೆಕಲ್ಲೇ ಬೇಕೆಂದಿಲ್ಲ. ಒಂದು ಗೇಣುದ್ದದ, ಎರಡು ಬೆರಳಗಲದ ಎರಡು ಮರದ ಪಟ್ಟಿಗಳು ಸಾಕು. ಮೊದಲನೆಯದರ ಒಂದು ಮುಖಕ್ಕೆ 400 ನಂಬರಿನ, ಇನ್ನೊಂದಕ್ಕೆ 1000ದ ಕಪ್ಪು ಎಮರಿ ಕಾಗದ (ಲೋಹ ಉಜ್ಜುವ ಮರಳು ಕಾಗದ) ಅಂಟಿಸಿ. ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಎರಡನೆಯದಕ್ಕೆ 2000ದ ಕಾಗದ, ಅದರ ಬೆನ್ನಿಗೆ ಹಳೆಯ ಬೆಲ್ಟಿನ ಚರ್ಮ. ಎಮರಿಯ ಕಣಗಳು ಉಕ್ಕಿಗಿಂತ ಗಟ್ಟಿ, ಆದ್ದರಿಂದ ಕಲ್ಲಿನ ಹಾಗೆಯೇ ಲೋಹವನ್ನು ಸವೆಸುತ್ತವೆ. ಪಟ್ಟಿ ಮಾತ್ರ ಪೂರ್ತಿ ಸಪಾಟಾಗಿರಬೇಕು, ಇದರಲ್ಲಿ ರಾಜಿ ಬೇಡ. ಚಾಕುವನ್ನು ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿದು ಬೆನ್ನು ಮುಂದಾಗಿ ಎಳೆಯಿರಿ. ಅಲಗು ಮುಂದಾದರೆ ಕಾಗದ ಸೀಳುತ್ತದೆ. ಓರೆ ಸರಿಯಾಗಿದೆಯೇ ಎಂದು ತಿಳಿಯಲು ಅಲಗಿನಂಚಿಗೆ ಮಾರ್ಕರ್ ಬಳಿದು ಎರಡು ಸಲ ಎಳೆದು ನೋಡಿ. ಶಾಯಿ ತುದಿಯವರೆಗೂ ಅಳಿಸಿದ್ದರೆ ಸರಿ, ಮೇಲ್ಭಾಗದಲ್ಲಷ್ಟೇ ಅಳಿಸಿದ್ದರೆ ಬೆನ್ನನ್ನು ತುಸು ಎತ್ತಿ. ಒಂದು ಬದಿ ಉಜ್ಜಿದಾಗ ಎದುರು ಬದಿಯಲ್ಲಿ ಕೂದಲೆಳೆಯಷ್ಟು ಲೋಹ ಮಗುಚಿಕೊಂಡು ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಅದು ಉದ್ದಕ್ಕೂ ಬಂದ ಮೇಲೆಯೇ ಚಾಕು ಮಗುಚಿ ಉಜ್ಜಿ. ಆಮೇಲೆ ನಯವಾದ ಕಾಗದ, ಕೊನೆಗೆ ಚರ್ಮದ ಮೇಲೆ ಹತ್ತು ಹದಿನೈದು ಎಳೆತ. ಒತ್ತಡ ಹಗುರವಾಗಿರಲಿ, ಜೋರಾಗಿ ಒತ್ತಿದರೆ ಚರ್ಮ ತಗ್ಗಿ ಅಂಚು ದುಂಡಾಗುತ್ತದೆ. ಗರಗಸದ ಹಲ್ಲಿನ ಚಾಕುವಿಗೆ, ಸೆರಾಮಿಕ್ ಅಲಗಿಗೆ ಇದು ನಡೆಯದು. ಅಂಚು ಮುಕ್ಕಾಗಿದ್ದರೆ ಒರಟು ಕಲ್ಲಿಗೇ ಹೋಗಬೇಕು. ಕಾಗದ ಬೇಗ ಸವೆಯುವುದರಿಂದ ಎರಡು ಬದಿಯ ಅಂಟುಪಟ್ಟಿಯಿಂದಲೇ ಅಂಟಿಸಿ, ಕಿತ್ತು ಬದಲಿಸಲು ಸುಲಭ.