ಶುಂಠಿ ಬಿಯರಿಗೆ ಮೊದಲು ಹೆಪ್ಪು, ಆಮೇಲೆ ಬಾಟಲಿ

ಈಗಿನ ಹುಡುಗ ಹುಡುಗಿಯರಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದಿದೆ. ಹಿಡಿಯಲಿ, ಕೈಯಾರೆ ಏನಾದರೂ ಮಾಡುವುದು ಒಳ್ಳೆಯದೇ. ಆದರೆ ಮಾಡುವ ರೀತಿ ನೋಡಿದರೆ ನನಗೆ ರೇಗುತ್ತದೆ. ಸಕ್ಕರೆ ನೀರಿಗೆ ಪ್ಯಾಕೆಟ್ಟಿನ ಶುಂಠಿ ಪೇಸ್ಟ್ ಕದಡುತ್ತಾರೆ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಸುರಿಯುತ್ತಾರೆ. ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟು ಮರೆತುಬಿಡುತ್ತಾರೆ. ಬಾಟಲಿ ಒಡೆದು ಗೋಡೆಯೆಲ್ಲ ಅಂಟಂಟಾದ ಮೇಲೆ ಫೋನ್ ಬರುತ್ತದೆ, "ಅಜ್ಜಿ, ಹೀಗ್ಯಾಕಾಯ್ತು?" ಅಂತ. ಮೊದಲೇ ಕೇಳಬಾರದಾ?

ಬಾರ್ಲಿ, ಹಾಪ್ಸ್ ಹಾಕಿ ಮಾಡುವ ನಿಜವಾದ ಬಿಯರ್ ಬಗ್ಗೆ ನಾನು ಹೇಳಲು ಹೊರಟಿಲ್ಲ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಅದನ್ನು ಮಾಡುವ ಹಾಗಿಲ್ಲ. ನಾನು ಹೇಳುವುದು ಶುಂಠಿ ಬಿಯರ್. ಎರಡು ಮೂರು ದಿನ ಹುಳಿಸಿ, ತಣ್ಣಗೆ ಮಾಡಿ, ಬೇಗ ಕುಡಿದು ಮುಗಿಸುವಂಥದ್ದು. ಗಂಟಲಿಗೆ ಖಾರ, ನಾಲಿಗೆಗೆ ಗುಳ್ಳೆ. ಅಮಲು ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಇಟ್ಟಷ್ಟೂ ಜಾಸ್ತಿ ಆಗುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ.

ನಾನು ಕಲಿತದ್ದು ಕೆಜಿಎಫ್‌ನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಹಿಡಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಯವರು ಇಲ್ಲಿಗೆ ಬಂದಿದ್ದರು. ನನ್ನ ಕಾಲಕ್ಕೆ ಅವರ್ಯಾರೂ ಇರಲಿಲ್ಲ. ಆಂಗ್ಲೋ ಇಂಡಿಯನ್ ಮನೆಗಳು ಮಾತ್ರ ಇದ್ದವು. ನಮ್ಮ ಪಕ್ಕದ ಮನೆಯ ಆಂಟಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಶುಂಠಿ ಜಜ್ಜಲು ನನ್ನನ್ನು ಕೂಗುತ್ತಿದ್ದರು. ಶಿವನಸಮುದ್ರದಿಂದ ಗಣಿಗೆ 1902ರಲ್ಲೇ ಕರೆಂಟು ಬಂದಿತ್ತು, ಆದರೆ ನಮ್ಮ ಸಾಲಿನ ಮನೆಗಳಲ್ಲಿ ಫ್ರಿಜ್ಜು ಎಲ್ಲಿತ್ತು? ಆಂಟಿ ಬಾಟಲಿಗಳನ್ನು ಒದ್ದೆ ಮರಳಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದರು. ಅವರ ಕೈಯಲ್ಲಿ ಒಂದು ಬಾಟಲಿಯೂ ಒಡೆದದ್ದನ್ನು ನಾನು ನೋಡಲಿಲ್ಲ.

ಅವರು ಯೀಸ್ಟ್ ಮುಟ್ಟುತ್ತಿರಲಿಲ್ಲ. ಹೆಪ್ಪು ಕಟ್ಟುತ್ತಿದ್ದರು. ಮೊಸರಿಗೆ ಹೆಪ್ಪು ಹೇಗೋ ಇದಕ್ಕೂ ಹಾಗೆಯೇ. ಅದು ಸರಿ ಇದ್ದರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ. ನೀವು ಅವಸರ ಮಾಡುವುದೂ ಇಲ್ಲೇ, ಕೆಡಿಸುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಶುಂಠಿ ಎಳೆಯದಾಗಿರಬೇಕು, ಸಿಪ್ಪೆ ಬಿಗಿಯಾಗಿರಬೇಕು. ಫಳಫಳ ಹೊಳೆಯುವಂತೆ ಉಜ್ಜಿ ತೊಳೆದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಶುಂಠಿ ಬೇಡ. ಸಂತೆಯಲ್ಲಿ ಮಣ್ಣು ಅಂಟಿಕೊಂಡೇ ಸಿಗುತ್ತದಲ್ಲ, ಅದನ್ನು ತನ್ನಿ. ಮಣ್ಣು ಹೋಗುವಷ್ಟು ನೀರಿನಲ್ಲಿ ಆಡಿಸಿ, ಬ್ರಷ್ ಹಾಕಿ ತಿಕ್ಕಬೇಡಿ. ಸಿಪ್ಪೆಯನ್ನಂತೂ ಹೆರೆಯಲೇಬೇಡಿ. ಹುಳಿ ಬರಿಸುವ ಯೀಸ್ಟ್ ಇರುವುದೇ ಆ ಸಿಪ್ಪೆಯ ಮೇಲೆ. ಸಿಪ್ಪೆ ತೆಗೆದು ಬಿಸಾಕಿ, ಆಮೇಲೆ ಗುಳ್ಳೆ ಬರಲಿಲ್ಲ ಅಂದರೆ ಎಲ್ಲಿಂದ ಬರಬೇಕು ಹೇಳಿ.

ನೀರಿನ ವಿಷಯವೂ ಹಾಗೆಯೇ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಇದ್ದರೆ ಆ ಯೀಸ್ಟ್ ಸಾಯುತ್ತದೆ. ಹಿಂದಿನ ದಿನವೇ ನೀರು ಕುದಿಸಿ, ತೆರೆದ ಪಾತ್ರೆಯಲ್ಲಿ ರಾತ್ರಿಯೆಲ್ಲ ಬಿಟ್ಟು ಉಪಯೋಗಿಸಿ.

ಈಗ ಅಗಲ ಬಾಯಿಯ ಒಂದು ಗಾಜಿನ ಜಾಡಿ ತೆಗೆದುಕೊಳ್ಳಿ. ಅದರಲ್ಲಿ ಎರಡು ಲೋಟ ನೀರು. ಸಿಪ್ಪೆ ಸಮೇತ ತುರಿದ ಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ. ಶುಂಠಿಯನ್ನು ಮಿಕ್ಸಿಗೆ ಹಾಕಬೇಡಿ, ಗಂಜಿಯಾಗಿ ತಳ ಹಿಡಿಯುತ್ತದೆ, ಆಮೇಲೆ ಸೋಸಲು ಬರುವುದಿಲ್ಲ. ಚೆನ್ನಾಗಿ ಕಲಕಿ, ಹಳೆಯ ಮಲ್ಲು ಪಂಚೆಯ ತುಂಡನ್ನು ಬಾಯಿಗೆ ಕಟ್ಟಿ. ಮುಚ್ಚಳ ಹಾಕಬೇಡಿ, ಅದಕ್ಕೆ ಗಾಳಿಯಾಡಬೇಕು. ಸುಮ್ನೆ ತೆರೆದೂ ಇಡಬೇಡಿ, ನೊಣ ಬೀಳುತ್ತದೆ. ಒಲೆಯ ಪಕ್ಕ ಇಡಬೇಡಿ, ಒಲೆಯ ಹಿಂದಿನ ಗೋಡೆಯ ಆ ಕಡೆ ಇಡಿ. ಬೆಚ್ಚಗಿರಬೇಕು, ಬಿಸಿಯಾಗಬಾರದು, ಬಿಸಿಲು ಬೀಳಬಾರದು.

ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಮತ್ತೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ. ದಿನವೂ ಅದೇ ಹೊತ್ತಿಗೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ನೆನಪಾದಾಗ, ಮತ್ತೊಂದು ದಿನ ಇಲ್ಲವೇ ಇಲ್ಲ ಅಂತ ಮಾಡಬೇಡಿ. ಸಂಜೆ ಮತ್ತೊಮ್ಮೆ ಒಣಗಿದ ಚಮಚದಲ್ಲಿ ಕಲಕಿ. ಸಾರು ಮುಟ್ಟಿದ ಚಮಚ, ಎಣ್ಣೆ ಜಿಡ್ಡಿನ ಚಮಚ ಒಳಗೆ ಹೋದರೆ ಮುಗಿಯಿತು. ಎರಡನೇ ದಿನ ಏನೂ ಕಾಣದಿದ್ದರೆ ಗಾಬರಿ ಬೇಡ. ಮೂರು ನಾಲ್ಕನೇ ದಿನಕ್ಕೆ ಶುಂಠಿ ಮೇಲೆ ತೇಲುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆ ಬರುತ್ತವೆ. ಐದಾರನೇ ದಿನಕ್ಕೆ ಕಲಕಿದ ತಕ್ಷಣ ನೊರೆ ಉಕ್ಕಬೇಕು. ಕಿವಿ ಹತ್ತಿರ ತಂದರೆ ಚಿಟಚಿಟ ಸದ್ದು ಕೇಳಬೇಕು. ನಾನು ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೇನೆ. ಸದ್ದು ಬಂದಿಲ್ಲವೆಂದರೆ ಹೆಪ್ಪು ಆಗಿಲ್ಲ, ಇನ್ನೊಂದು ದಿನ ಬಿಡಿ. ಡಿಸೆಂಬರ್, ಜನವರಿಯ ನಮ್ಮ ಕೋಲಾರದ ಚಳಿಗೆ ಎಂಟು ದಿನ ಹಿಡಿದರೂ ಹಿಡಿಯಿತು. ವಾಸನೆ ಹುಳಿಯಾಗಿ, ಖಾರವಾಗಿ, ಮೂಗಿಗೆ ಹಿತವಾಗಿರಬೇಕು. ಮೇಲೆ ಕಪ್ಪೋ ಹಸಿರೋ ಬೂಷ್ಟು ಕಂಡರೆ ಅಷ್ಟನ್ನು ಮಾತ್ರ ಎತ್ತಿ ಬಿಸಾಕುವ ಜಿಪುಣತನ ಬೇಡ. ಪೂರ್ತಿ ಚೆಲ್ಲಿ, ಜಾಡಿಗೆ ಕುದಿನೀರು ಹಾಕಿ ತೊಳೆದು, ಮೊದಲಿಂದ ಶುರು ಮಾಡಿ.

ತೊಳೆಯುವ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನನ್ನ ಸೊಸೆಯಂದಿರು ಉಪ್ಪಿನಕಾಯಿ ಭರಣಿಯನ್ನು ತೊಳೆದು ಬಟ್ಟೆಯಲ್ಲಿ ಒರೆಸಿ ಹಾಗೇ ತುಂಬುತ್ತಾರೆ. ಬಟ್ಟೆಯ ತೇವ ಒಳಗೇ ಉಳಿಯುತ್ತದೆ, ಮಳೆಗಾಲಕ್ಕೆ ಮಾವಿನಕಾಯಿ ಮೇಲೆ ಬಿಳಿ ಪದರ. ಶ್ರೀನಿವಾಸಪುರದ ಅಷ್ಟು ಒಳ್ಳೆಯ ಕಾಯಿ ತಂದು ಹೀಗೆ ಮಾಡಿದರೆ ಹೊಟ್ಟೆ ಉರಿಯುತ್ತದೆ. ಒರೆಸಬೇಡಿ. ಬಿಸಿಲಿಗೆ ಬೋರಲು ಹಾಕಿ ಒಣಗಿಸಿ. ಈ ಜಾಡಿಗೂ ಬಾಟಲಿಗೂ ಅದೇ ಮಾತು.

ಹೆಪ್ಪು ಆದ ಮೇಲೆ ಕಷಾಯ ಸುಲಭ. ದೊಡ್ಡ ಪಾತ್ರೆಯಲ್ಲಿ ನೀರು ಇಟ್ಟು, ಒಂದು ಗೇಣು ಶುಂಠಿ ಜಜ್ಜಿ ಹಾಕಿ, ನಾಲ್ಕು ಲವಂಗದ ಜೊತೆ ಕುದಿಸಿ. ಮನೆಯೆಲ್ಲ ಘಾಟು ಬಂದಾಗ ಇಳಿಸಿ. ಪಾನಕಕ್ಕೆ ಹಾಕುವುದಕ್ಕಿಂತ ಒಂದು ಹಿಡಿ ಜಾಸ್ತಿ ಸಕ್ಕರೆ ಹಾಕಿ, ಯಾಕೆಂದರೆ ಸ್ವಲ್ಪವನ್ನು ಹೆಪ್ಪು ತಿನ್ನುತ್ತದೆ. ಬೆಲ್ಲ ಹಾಕಿದರೂ ಚೆನ್ನ, ಬಣ್ಣ ಮಾತ್ರ ಮಂಕು. ಪೂರ್ತಿ ಆರಲಿ. ಅಂಗೈಗೆ ತಾಗಿಸಿ ನೋಡಬೇಡಿ, ಮುಂಗೈಗೆ ಒಂದು ಹನಿ ಬಿಟ್ಟು ನೋಡಿ. ಬಿಸಿಯಲ್ಲಿ ಹೆಪ್ಪು ಹಾಕಿದರೆ ಅಷ್ಟು ದಿನ ಸಾಕಿದ್ದು ಒಂದೇ ಕ್ಷಣಕ್ಕೆ ಸಾಯುತ್ತದೆ. ಆರಿದ ಮೇಲೆ ನಿಂಬೆರಸ, ಆಮೇಲೆ ಸೋಸಿದ ಹೆಪ್ಪು. ಹತ್ತು ಲೋಟಕ್ಕೆ ಮುಕ್ಕಾಲು ಲೋಟ ಸಾಕು.

ಬಾಟಲಿ ವಿಷಯದಲ್ಲಿ ನನ್ನ ಮಾತು ಮೀರಬೇಡಿ. ಸೋಡಾ, ಕೂಲ್‌ಡ್ರಿಂಕ್ ತುಂಬಿ ಬಂದ ಪ್ಲಾಸ್ಟಿಕ್ ಬಾಟಲಿಗಳು ಗ್ಯಾಸಿನ ಒತ್ತಡ ತಡೆಯಲೆಂದೇ ಮಾಡಿದವು. ನೀರಿನ ಬಾಟಲಿ ತಡೆಯುವುದಿಲ್ಲ. ಅಂದಕ್ಕೆ ಇಟ್ಟ ಚೌಕದ ಗಾಜಿನ ಬಾಟಲಿ ಚೂರುಚೂರಾಗಿ ಕಣ್ಣಿಗೆ ಬೀಳುತ್ತದೆ. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಳ ಹಾಕಿ, ನೆರಳಿನಲ್ಲಿಡಿ. ದಿನಕ್ಕೆರಡು ಸಲ ಹೊಟ್ಟೆ ಹಿಸುಕಿ ನೋಡಿ. ಮೊದಲು ಮೆತ್ತಗಿರುತ್ತದೆ. ಬೆರಳು ತಗ್ಗದಷ್ಟು ಗಟ್ಟಿಯಾದರೆ ಆಯಿತು, ಆ ಕ್ಷಣವೇ ಫ್ರಿಜ್ಜಿಗೆ. ಏಪ್ರಿಲ್ ಬಿಸಿಲಿನಲ್ಲಿ ಒಂದು ದಿನಕ್ಕೇ ಆಗಬಹುದು, ಚಳಿಯಲ್ಲಿ ಮೂರು ನಾಲ್ಕು ದಿನ. ಪುಸ್ತಕದ ಲೆಕ್ಕ ನೋಡಬೇಡಿ, ಬಾಟಲಿ ಹಿಸುಕಿ ನೋಡಿ.

ಫ್ರಿಜ್ಜಿನಲ್ಲಿ ಒಂದು ರಾತ್ರಿ ಇದ್ದ ಮೇಲೆ ಸಿಂಕಿನ ಮೇಲೆ ಹಿಡಿದು, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಗ್ಯಾಸ್ ಬಿಡಿ. ತಳದ ಮಡ್ಡಿ ಅಲುಗಾಡಿಸದೆ ಬಗ್ಗಿಸಿ. ತಣ್ಣಗಿದ್ದರೂ ಯೀಸ್ಟ್ ಸತ್ತಿರುವುದಿಲ್ಲ, ನಿಧಾನ ಆಗಿರುತ್ತದೆ ಅಷ್ಟೇ. ವಾರದೊಳಗೆ ಮುಗಿಸಿ.

ಜಾಡಿಯಲ್ಲಿ ಉಳಿದ ಹೆಪ್ಪನ್ನು ಚೆಲ್ಲಬೇಡಿ. ತೆಗೆದಷ್ಟು ನೀರು ಸೇರಿಸಿ, ಈ ಸಲ ಮುಚ್ಚಳವನ್ನು ಸಡಿಲವಾಗಿ ಹಾಕಿ, ಫ್ರಿಜ್ಜಿನಲ್ಲಿಡಿ. ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ. ಮತ್ತೆ ಬೇಕಾದಾಗ ಹಿಂದಿನ ದಿನ ಹೊರಗೆ ತೆಗೆದು ಒಮ್ಮೆ ಉಣಿಸಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿ, ಒಣಗಿದ ಚಮಚ ಹಾಕಬೇಕು ಅಂತ ಅವರಿಗೂ ಹೇಳಿ.