ನನ್ನ ಮಜ್ದಾದ ಮುಂದಿನ ಶಾಕ್‌ಗಳನ್ನು ನಾನೇ ಬದಲಿಸಿದೆ

ನನ್ನದು 1995ರ ಮಜ್ದಾ ಎಂಎಕ್ಸ್-5. ಎರಡೇ ಸೀಟು, ತೂಕ ಒಂದು ಟನ್ನಿನ ಆಸುಪಾಸು. ನಾವಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಈ ವರ್ಷದ ಎಂಒಟಿಯಲ್ಲಿ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಇಲ್ಲಿನ ವಾರ್ಷಿಕ ತಪಾಸಣೆಯಲ್ಲಿ, ಕಾರು ಪಾಸಾಯಿತು. ಆದರೆ ಮುಂದಿನ ಎಡಗಡೆ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಜಿನುಗುತ್ತಿದೆ ಅಂತ ಬರೆದುಕೊಟ್ಟರು. ನನಗೂ ಅನುಮಾನವಿತ್ತು. ತಿರುವಿನಲ್ಲಿ ಸಣ್ಣ ಉಬ್ಬು ಸಿಕ್ಕಿದರೆ ಸಾಕು, ಕಾರಿನ ಮೂತಿ ಎರಡು ಮೂರು ಸಲ ಕುಣಿಯುತ್ತಿತ್ತು.

ಹೋಗಿದ್ದು ಒಂದೇ ಆದರೂ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಇಲ್ಲದಿದ್ದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಎರಡು ಶಾಕ್, ಜೊತೆಗೆ ಶಾಕ್ ಪೂರ್ತಿ ಒತ್ತಿಕೊಂಡಾಗ ಬಡಿಯದಂತೆ ತಡೆಯುವ ಹೊಸ ಬಂಪ್ ಸ್ಟಾಪ್ ರಬ್ಬರ್ ತರಿಸಿಕೊಂಡೆ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಕಳಚಿದೆ. ಜಾಕ್ ಒಂದನ್ನೇ ನಂಬಿ ಅಡಿಗೆ ಕೈ ಹಾಕಲೇಬೇಡಿ. ಚಕ್ರವನ್ನು ಕಾರಿಗೆ ಮೇಲೊಂದು ಕೆಳಗೊಂದು ಲೋಹದ ತೋಳು ಹಿಡಿದಿರುತ್ತದೆ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರಿನ ಲಿಂಕನ್ನು ಎರಡೂ ಕಡೆ ಬಿಚ್ಚಿದರೆ ಕೆಳಗಿನ ತೋಳು ಇನ್ನಷ್ಟು ಇಳಿಯುತ್ತದೆ. ಶಾಕಿನ ಮೇಲ್ಗಡೆ ಎರಡು ನಟ್ಟು, ಬಾನೆಟ್ ಎತ್ತಿದರೆ ಕಾಣುತ್ತವೆ. ಕೆಳಗಡೆ ಒಂದು ಬೋಲ್ಟು. ಇಷ್ಟು ಸಲೀಸು.

ಕಷ್ಟ ಇರುವುದು ಮೇಲಿನ ತೋಳಿನ ಉದ್ದನೆಯ ಬೋಲ್ಟಿನಲ್ಲಿ. ಇದನ್ನು ಎಳೆದರೆ ಶಾಕ್ ಹೊರಬರಲು ಜಾಗ ಸಿಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಹಾಗಾಗಿ ಬೋಲ್ಟು ತೋಳಿನ ಬುಷ್ (ರಬ್ಬರ್ ಸುತ್ತಿದ ಕೀಲು) ಒಳಗಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಮೂರು ದಿನ ಮುಂಚಿನಿಂದಲೇ ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಆದರೂ ಬಲಗಡೆಯದಕ್ಕೆ ಪೂರ್ತಿ ಬೆಳಗ್ಗೆ ಹಿಡಿಯಿತು. ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ಸಿಟ್ಟಿನಲ್ಲಿ ಸುತ್ತಿಗೆ ಹೊಡೆದರೆ ಬೋಲ್ಟಿನ ಥ್ರೆಡ್ ಹಾಳಾಗುತ್ತದೆ ಅಷ್ಟೆ. ಬೋಲ್ಟು ಬಂದ ಮೇಲೆ ಚಕ್ರ ಕೂರುವ ಹಬ್ ಅನ್ನು ಹಗ್ಗದಿಂದ ಕಟ್ಟಿದೆ. ಬ್ರೇಕಿನ ರಬ್ಬರ್ ಪೈಪಿನ ಮೇಲೆ ಭಾರ ಬೀಳಬಾರದು.

ಶಾಕ್ ಹೊರಬರುವುದು ಅದರ ಸುತ್ತ ಇರುವ ಸ್ಪ್ರಿಂಗಿನ ಸಮೇತ. ಆ ಸ್ಪ್ರಿಂಗ್ ಬಿಚ್ಚುವಾಗ ಮಾತ್ರ ನನಗೆ ನಿಜವಾಗಿ ಭಯವಾಯಿತು. ಒತ್ತಿಟ್ಟ ಸ್ಪ್ರಿಂಗ್ ಸಿಡಿದರೆ ಕೈ ಮುರಿಯಬಹುದು. ಸ್ಪ್ರಿಂಗನ್ನು ಒತ್ತಿಹಿಡಿಯುವ ಕಂಪ್ರೆಸರಿನ ಎರಡೂ ಕೊಕ್ಕೆಗಳನ್ನು ಎದುರುಬದುರು ಹಾಕಿ, ಸಮಸಮವಾಗಿ ಬಿಗಿ ಮಾಡಿದೆ. ಸ್ಪ್ರಿಂಗ್ ತಟ್ಟೆಯಿಂದ ಸಡಿಲವಾದ ಮೇಲೆಯೇ ಮಧ್ಯದ ನಟ್ಟು ಮುಟ್ಟಿದೆ. ಬಿಚ್ಚುವ ಮೊದಲೇ ಮೇಲಿನ ತಟ್ಟೆಗೂ ಕೆಳಗಿನ ಬೋಲ್ಟು ಹೋಗುವ ಕಣ್ಣಿಗೂ ನೇರವಾಗಿ ಬಿಳಿ ಬಣ್ಣದ ಗುರುತು ಹಾಕಿಕೊಳ್ಳಿ, ಜೋಡಿಸುವಾಗ ಬೇಕಾಗುತ್ತದೆ. ಹಳೆಯ ಶಾಕಿನ ರಾಡ್ ಒತ್ತಿದರೆ ತಡೆಯೇ ಇಲ್ಲದೆ ಒಳಗೆ ಹೋಯಿತು, ಮತ್ತೆ ಮೇಲೆ ಬರಲಿಲ್ಲ. ಬಂಪ್ ಸ್ಟಾಪ್ ಅಂತೂ ಕೈಯಲ್ಲೇ ಪುಡಿಯಾಯಿತು.

ಜೋಡಿಸುವಾಗ ತುಂಬಾ ಜನ ಮಾಡುವ ತಪ್ಪು ಒಂದಿದೆ. ಚಕ್ರ ನೇತಾಡುತ್ತಿರುವಾಗಲೇ ಎಲ್ಲ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಆಗ ಕಾರು ಇಳಿದ ಮೇಲೆ ಬುಷ್ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಾನು ಮೊದಲು ಸುಮ್ನೆ ಕೈಬಿಗಿ ಮಾಡಿದೆ. ಚಕ್ರ ಹಾಕಿ, ಕಾರನ್ನು ದಪ್ಪ ಮರದ ಹಲಗೆಗಳ ಮೇಲೆ ಇಳಿಸಿ, ಎರಡು ಸಲ ಅದುಮಿ, ಆಮೇಲೆ ಅಳತೆ ಇಟ್ಟು ಬಿಗಿ ಮಾಡುವ ಟಾರ್ಕ್ ವ್ರೆಂಚ್ ಹಿಡಿದೆ. ಬೋಲ್ಟುಗಳಿಗೆ ಗ್ರೀಸ್ ಸವರಿದ್ದೇನೆ, ಮುಂದೆ ಬಿಚ್ಚುವವರಿಗೆ ಸುಲಭವಾಗಲಿ.

ಈ ಕಾರಿನಲ್ಲಿ ಚಕ್ರದ ಅಲೈನ್‌ಮೆಂಟ್ ಹೊಂದಿಸುವ ಬೋಲ್ಟುಗಳು ಕೆಳಗಿನ ತೋಳಿನಲ್ಲಿವೆ. ನಾನು ಅವನ್ನು ಮುಟ್ಟಲಿಲ್ಲ, ಹಾಗಾಗಿ ಸ್ಟೇರಿಂಗ್ ಮೊದಲಿನಂತೆ ನೇರವಾಗಿದೆ. ಸಂಜೆ ಅದೇ ತಿರುವಿಗೆ ಹೋದೆ. ಉಬ್ಬು ಬಂತು, ಮೂತಿ ಒಂದು ಸಲ ಎದ್ದು ಹಾಗೇ ಕೂತಿತು.